ಹರಿಹರದವಳು ಬಾಲಿಗೆ ಹೋಗುವಾಗ

ನಿಮ್ಮಮ್ಮ ನಿನ್ನೆ ರಾತ್ರಿ ಫೋನ್ ಮಾಡಿ, "ಅಪ್ಪಾಜಿ, ಅವಳಿಗೊಂದಿಷ್ಟು ಬುದ್ಧಿ ಹೇಳ್ರಿ" ಅಂದಳು. ನಾನು ನಿನ್ನನ್ನು ತಡೆಯಲಿ ಎಂಬುದು ಅವಳ ಇಂಗಿತ. ತಡೆಯುವುದಿಲ್ಲ ತಾಯಿ. ದುಡ್ಡು ನೀನು ದುಡಿದದ್ದು. ಜೊತೆಗೆ ಹೊರಟಿರುವ ಮೂವರೂ ದಾವಣಗೆರೆಯ ಕಾಲೇಜಿನ ದಿನಗಳಿಂದ ನಮ್ಮ ಮನೆಯಲ್ಲಿ ಉಂಡು ಮಲಗಿದ ಹುಡುಗಿಯರು. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಇದೆ, ಇಳಿದ ಮೇಲೆ ಅಲ್ಲೇ ವೀಸಾ ಕೊಡುತ್ತಾರೆ. ನಮ್ಮ ಕಾಲದಲ್ಲಿ ಕಾಶಿಗೆ ಹೋಗಿ ಬರುವುದು ಇದಕ್ಕಿಂತ ಕಷ್ಟವಿತ್ತು. ಹೋಗಿ ಬಾ.

ನನ್ನ ತಕರಾರು ಏನಿದ್ದರೂ ನೀನು ಮೊಬೈಲಿನಲ್ಲಿ ತೋರಿಸಿದ ಆ ಪಟ್ಟಿಯ ಮೇಲೆ. ಬೆಳಗಿನ ಜಾವ ಬತೂರ್ ಬೆಟ್ಟ, ಹತ್ತು ಗಂಟೆಗೆ ಜಲಪಾತ, ಮಧ್ಯಾಹ್ನದೊಳಗೆ ಎರಡು ಗುಡಿ, ಸಂಜೆ ಸಮುದ್ರದ ಬಂಡೆಯ ಮೇಲಿನ ಮತ್ತೊಂದು ಗುಡಿ. ಎಲ್ಲ ಒಂದೇ ದಿನಕ್ಕೆ. ಇಷ್ಟು ಸ್ಟಾಪು ನಮ್ಮ ಖಾಸಗಿ ಬಸ್ಸಿನ ಕಂಡಕ್ಟರ್ ಕೂಡ ಕೊಡುವುದಿಲ್ಲ. ಪಟ್ಟಿಯಲ್ಲಿ ಅರ್ಧಕ್ಕೆ ಗೆರೆ ಎಳೆ. ಯಾವ ಅರ್ಧಕ್ಕೆ ಎಂದು ತೀರ್ಮಾನಿಸುವ ಮುಂಚೆ ಈ ಮುದುಕನ ಮಾತು ಸ್ವಲ್ಪ ಕೇಳು.

ನೀನು ಬೆಳೆದದ್ದು ದೇವಸ್ಥಾನದ ಬೀದಿಯಲ್ಲಿ. ನೋಡಲು ಬಂದವರನ್ನು ನೋಡಿಯೇ ದೊಡ್ಡವಳಾದವಳು. ಆರೇಳು ವರ್ಷದವಳಿದ್ದಾಗ ಜಗಲಿಯ ಮೇಲೆ ಕೂತು ಎಣಿಸುತ್ತಿದ್ದೆ: ಇವರು ದೇವರಿಗೆ ಬಂದವರು, ಇವರು ಫೋಟೋಕ್ಕೆ ಬಂದವರು, ಇವರು ಹುಬ್ಬಳ್ಳಿಗೆ ಹೋಗುತ್ತಾ ಹೆದ್ದಾರಿಯಿಂದ ಸುಮ್ಮನೆ ಒಳಗೆ ತಿರುಗಿದವರು. ನಡಿಗೆ ನೋಡಿಯೇ ಹೇಳಿಬಿಡುತ್ತಿದ್ದೆ, ಬಹುಪಾಲು ಸರಿಯೇ ಇರುತ್ತಿತ್ತು. ಬಾಲಿಯಲ್ಲಿಯೂ ಪ್ರತಿ ಗುಡಿಯ ಮುಂದೆ, ಪ್ರತಿ ಬೆಟ್ಟದ ಬುಡದಲ್ಲಿ ಅಂಥದ್ದೇ ಒಂದು ಜಗಲಿ ಇದೆ, ಅದರ ಮೇಲೆ ನಿನ್ನಂಥದ್ದೇ ಒಂದು ಮಗು ಕೂತಿರುತ್ತದೆ. ಅದು ನಿನ್ನನ್ನು ಯಾವ ಲೆಕ್ಕಕ್ಕೆ ಸೇರಿಸೀತು ಎಂದು ಯೋಚಿಸಿಕೊಂಡು ಹೆಜ್ಜೆ ಇಡು.

ಹೋದ ಶ್ರಾವಣದಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ರಾಣೆಬೆನ್ನೂರಿನ ಕಡೆಯ ಒಂದು ಕುಟುಂಬ ಹೊಳೆಯಲ್ಲಿ ಮಗುವಿನ ಜವಳ ಮುಗಿಸಿಕೊಂಡು ಹರಿಹರೇಶ್ವರನ ಸಭಾಮಂಟಪದಲ್ಲಿ ಕೂತಿತ್ತು. ಬೋಳು ತಲೆಗೆ ಗಂಧ ಹಚ್ಚಿದ ಮಗು, ಅದಕ್ಕೆ ಬಾಳೆಹಣ್ಣು ಚಿವುಟಿ ತಿನ್ನಿಸುತ್ತಿದ್ದ ಅಜ್ಜಿ. ಅಷ್ಟರಲ್ಲಿ ನಾಲ್ಕೈದು ಹುಡುಗರು, ಹುಡುಗಿಯರು ಬಂದರು. ಒಳ್ಳೆಯ ಬಟ್ಟೆ, ಒಳ್ಳೆಯ ಕ್ಯಾಮೆರಾ. ಅಂಚಿನ ಕಲ್ಲಿನ ಒರಗುಜಗಲಿಯ ಮೇಲೆ ಕಾಲು ಚಾಚಿ ಕೂತು ರೀಲು ತೆಗೆಯತೊಡಗಿದರು. ಮೂರು ಸಲ ತೆಗೆದರೂ ಸರಿ ಬರಲಿಲ್ಲ. ಕೊನೆಗೊಬ್ಬ ಹುಡುಗ ಬಂದು ಬಹಳ ಮರ್ಯಾದೆಯಿಂದಲೇ, "ಅಜ್ಜೀ, ಸ್ವಲ್ಪ ಆ ಕಡೆ ಸರೀತೀರಾ, ಫ್ರೇಮಿನಲ್ಲಿ ಬರ್ತಾ ಇದೀರಿ" ಅಂದ. ಅಜ್ಜಿ ಪಾಪ, ತನ್ನದೇ ತಪ್ಪೇನೋ ಎಂಬಂತೆ ಸೆರಗು ಎಳೆದುಕೊಂಡು ಮಗುವನ್ನು ಎತ್ತಿಕೊಂಡು ಕಂಬದ ಮರೆಗೆ ಹೋದಳು. ಹುಡುಗ ಕೆಟ್ಟವನಲ್ಲ. ಆ ಮಂಟಪ ಅಜ್ಜಿಯಂಥವರಿಗಾಗಿಯೇ ಇರುವುದು, ತಾನು ಅದರಲ್ಲಿ ಅತಿಥಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನಿನಗೆ ಹೇಳಿಲ್ಲ ಎಂದಾಗಬಾರದು.

ಬಾಲಿಯ ಜನಸಂಖ್ಯೆ ಸುಮಾರು 43 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ವಿದೇಶಿಯರು 60 ಲಕ್ಷಕ್ಕೂ ಹೆಚ್ಚು. ಮನೆಯವರಿಗಿಂತ ನೆಂಟರೇ ಹೆಚ್ಚಾದ ಮನೆ ಅದು. ಪವಿತ್ರ ಮರದ ಬುಡದಲ್ಲಿ, ಬೆಟ್ಟದ ತುದಿಯಲ್ಲಿ ಬಟ್ಟೆ ಕಳಚಿ ಫೋಟೋ ತೆಗೆಸಿಕೊಂಡ ವಿದೇಶಿಯರನ್ನು ಹಿಡಿದು ವಾಪಸು ಕಳಿಸಿದ ಸುದ್ದಿ ನೀನೂ ಓದಿರುತ್ತೀಯ. ಜನ ಎಷ್ಟು ರೋಸಿಹೋಗಿದ್ದರು ಎಂದರೆ 2023ರಲ್ಲಿ ಅಲ್ಲಿನ ಗವರ್ನರ್ ಬೆಟ್ಟಗಳೆಲ್ಲ ಪವಿತ್ರ ಸ್ಥಳ, ಪ್ರವಾಸಿಗಳು ಹತ್ತುವುದನ್ನೇ ನಿಷೇಧಿಸುತ್ತೇವೆ ಎಂದು ಘೋಷಿಸಿಬಿಟ್ಟರು. ಬೆಟ್ಟವನ್ನೇ ನಂಬಿ ಬದುಕುವ ಗೈಡುಗಳು ಗಾಬರಿಯಾದರು, ಕೊನೆಗೆ ಆ ನಿಷೇಧ ಜಾರಿಗೆ ಬರಲಿಲ್ಲ. ಮುಂದಿನ ವರ್ಷ ಫೆಬ್ರವರಿ 14ರಿಂದ ಹೊರದೇಶದ ಪ್ರತಿಯೊಬ್ಬ ಪ್ರವಾಸಿಯೂ ಒಂದೂವರೆ ಲಕ್ಷ ರುಪಿಯಾ ಕಟ್ಟಬೇಕೆಂಬ ನಿಯಮ ಬಂತು. ಲಕ್ಷ ಎಂದು ಕೇಳಿ ನಿಮ್ಮಮ್ಮ ಹೌಹಾರುತ್ತಾಳೆ. ನಮ್ಮ ದುಡ್ಡಿನಲ್ಲಿ ಎಂಟುನೂರು ರೂಪಾಯಿ ಆಸುಪಾಸು. ಹೊರಡುವ ಮುಂಚೆಯೇ ಆನ್‌ಲೈನಿನಲ್ಲಿ ಕಟ್ಟು, ರಸೀದಿ ಇಟ್ಟುಕೋ.

ಬೆಟ್ಟ ಹತ್ತುವ ವಿಷಯದಲ್ಲಿ ನೀನು ಮುಖ್ಯವಾಗಿ ತಿಳಿಯಬೇಕಾದದ್ದು ಅಗುಂಗ್ ಬೆಟ್ಟವನ್ನು. ನೀನು ಅದನ್ನು ಹತ್ತದಿದ್ದರೂ ತಿಳಿದಿರಬೇಕು. ಮೂರು ಸಾವಿರ ಮೀಟರ್ ದಾಟಿದ ಜ್ವಾಲಾಮುಖಿ. ಬಾಲಿಯವರ ದಿಕ್ಕು ಹೊರಡುವುದೇ ಅಲ್ಲಿಂದ. ನಾವು ಮೂಡಲು, ಪಡುವಲು ಅನ್ನುವ ಕಡೆ ಅವರು ಬೆಟ್ಟದ ಕಡೆ, ಕಡಲಿನ ಕಡೆ ಅನ್ನುತ್ತಾರೆ. ಮನೆಯ ದೇವರಮನೆ ಬೆಟ್ಟದ ದಿಕ್ಕಿಗೆ, ಮಲಗುವಾಗ ತಲೆ ಬೆಟ್ಟದ ದಿಕ್ಕಿಗೆ. ಅದರ ಮಗ್ಗುಲಲ್ಲಿ ಬೆಸಾಕಿ ಎಂಬ ದೊಡ್ಡ ದೇವಾಲಯ ಸಮೂಹ ಇದೆ. ಅಲ್ಲಿ ನೂರು ವರ್ಷಕ್ಕೊಮ್ಮೆ ನಡೆಯಬೇಕಾದ ಒಂದು ಮಹಾಪೂಜೆಯ ಹೆಸರು ಏಕಾದಶ ರುದ್ರ. ಸೋಮವಾರ ನಮ್ಮ ಮನೆಯಲ್ಲಿ ರುದ್ರ ಕೇಳಿ ಬೆಳೆದ ನಿನಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. 1963ರಲ್ಲಿ ಆ ಪೂಜೆಯ ತಯಾರಿ ನಡೆದಿರುವಾಗಲೇ ಬೆಟ್ಟ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ಬೆಸಾಕಿಯ ಪಕ್ಕದಿಂದ ಹರಿದುಹೋಯಿತು, ಗುಡಿ ಉಳಿಯಿತು. 1979ರಲ್ಲಿ ಆ ಪೂಜೆಯನ್ನು ಮತ್ತೆ ಕ್ರಮವಾಗಿ ಮಾಡಿ ಮುಗಿಸಿದರು. 2017ರಲ್ಲಿ ಬೆಟ್ಟ ಮತ್ತೆ ಹೊಗೆಯಾಡಿದಾಗ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು.

ಇಂಥ ಬೆಟ್ಟವನ್ನು 'ಒಂದು ಟ್ರೆಕ್ ಮಾಡಿದೆ' ಎಂದು ಲೆಕ್ಕಕ್ಕೆ ಬರೆದುಕೊಳ್ಳುವುದು ನನಗೆ ಒಗ್ಗುವುದಿಲ್ಲ. ಉಚ್ಚಂಗಿದುರ್ಗದ ಮೆಟ್ಟಿಲಲ್ಲಿ ಭರತ ಹುಣ್ಣಿಮೆಯ ದಿನ ಉಧೋ ಉಧೋ ಎನ್ನುತ್ತಾ ಹತ್ತುವ ಜನರ ನಡುವೆ ಯಾರಾದರೂ ಸ್ಟಾಪ್‌ವಾಚ್ ಹಿಡಿದು ಓಡಿದರೆ ನಿನಗೆ ಹೇಗನ್ನಿಸುತ್ತದೆ? ಬೆಸಾಕಿಯಲ್ಲಿ ದೊಡ್ಡ ಉತ್ಸವ ಇರುವ ದಿನಗಳಲ್ಲಿ ಅಗುಂಗ್ ಹತ್ತಲು ಬಿಡುವುದಿಲ್ಲ. ಅಂಥ ದಿನ ಹೋಗಿದ್ದರೆ ಗೊಣಗಬೇಡ. ಬುಡದಲ್ಲೇ ನಿಂತು ಉತ್ಸವ ನೋಡು. ಬಣ್ಣದ ನೈವೇದ್ಯವನ್ನು ಎತ್ತರಕ್ಕೆ ಜೋಡಿಸಿ ತಲೆಯ ಮೇಲೆ ಹೊತ್ತು ಸಾಲಾಗಿ ಬರುವ ಹೆಂಗಸರನ್ನು ನೋಡುವುದು ಯಾವ ಶಿಖರಕ್ಕೂ ಕಡಿಮೆಯಿಲ್ಲ.

ಬತೂರ್ ನಿಮಗೆ ಸರಿಯಾದ ಬೆಟ್ಟ. 1,717 ಮೀಟರ್. ಆದರೆ ನೀವು ಹತ್ತಲು ಶುರುಮಾಡುವ ಜಾಗವೇ ಎತ್ತರದಲ್ಲಿದೆ, ಹಾಗಾಗಿ ಎರಡು ತಾಸಿನ ಏರು. ಎಲ್ಲರೂ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಸೂರ್ಯೋದಯಕ್ಕೆ ತುದಿ ಸೇರುತ್ತಾರೆ. ಮೇಲಿನ ಭಾಗ ಸಡಿಲ ಜಲ್ಲಿ, ಹತ್ತುವುದಕ್ಕಿಂತ ಇಳಿಯುವಾಗ ಕಾಲು ಜಾರುತ್ತದೆ. ಸ್ಥಳೀಯ ಗೈಡ್ ಇಲ್ಲದೆ ಬಿಡುವುದಿಲ್ಲ ಎಂದರೆ ಕೆಲವು ಪ್ರವಾಸಿಗಳು ಅಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ನೀವು ನಿಲ್ಲಬೇಡಿ. ಆ ಗೈಡ್ ಹೇಳುವ ಒಂದು ಕಥೆಗೇ ಕೊಟ್ಟ ದುಡ್ಡು ಸಲ್ಲುತ್ತದೆ. ಬತೂರ್ ಎಂಬ ಊರು ಮೊದಲು ಕೆಳಗೆ, ಕೆರೆಯ ಹತ್ತಿರ ಇತ್ತು. 1926ರಲ್ಲಿ ಲಾವಾ ಊರನ್ನೂ ಗುಡಿಯನ್ನೂ ನುಂಗಿತು. ಉಳಿದದ್ದನ್ನು ಎತ್ತಿಕೊಂಡು ಜನ ಮೇಲಿನ ಅಂಚಿಗೆ ಬಂದು ಗುಡಿಯನ್ನು ಹೊಸದಾಗಿ ಕಟ್ಟಿದರು. ಇವತ್ತು ನೀವು ಚಹಾ ಕುಡಿಯುತ್ತಾ ಕಣಿವೆ ನೋಡುವ ಆ ಅಂಚು ಒಂದು ಊರು ವಲಸೆ ಬಂದ ಜಾಗ.

ಇನ್ನು ಗದ್ದೆಯ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಬಾಲಿಯ ಬಗ್ಗೆ ಬರೆಯುವ ಬೆಂಗಳೂರಿನವರು ಇದನ್ನು ಬರೀ 'ಹಸಿರು ಮೆಟ್ಟಿಲು' ಎಂದು ಹೇಳಿ ಮುಗಿಸುತ್ತಾರೆ. ಉಬುದ್ ಸುತ್ತಮುತ್ತ, ಜತಿಲುವಿಹ್ ಊರಿನಲ್ಲಿ ನಡಿಗೆಯ ದಾರಿ ಎಂದು ತೋರಿಸುವುದು ಬಹುಪಾಲು ಗದ್ದೆಯ ಬದುವನ್ನೇ. ಬದು ಎಂದರೆ ಏನೆಂದು ನಿಮ್ಮಪ್ಪನ ಊರಿನಲ್ಲಿ ನೋಡಿದ್ದೀಯ. ನಾಟಿಯ ಹೊತ್ತಿನಲ್ಲಿ ಯಾರಾದರೂ ಬದು ತುಳಿದು ಕುಸಿಸಿದರೆ ನಿಮ್ಮ ದೊಡ್ಡಪ್ಪನ ಬಾಯಿಂದ ಏನೇನು ಬರುತ್ತದೆ ಎಂದೂ ಕೇಳಿದ್ದೀಯ. ಅಲ್ಲಿಯೂ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಹೊರೆ ಹೊತ್ತವರು ಎದುರು ಬಂದರೆ ನೀವು ಸರಿಯಿರಿ. ನೀರು ಹಾಯುತ್ತಿರುವ ಕಡೆ ಬದುವಿನ ಅಂಚಿಗೆ ಕಾಲಿಡಬೇಡಿ. ಬದುವಿನ ಮೂಲೆಯಲ್ಲಿ ಬಿದಿರಿನ ಪುಟ್ಟ ಗೂಡು ಕಂಡರೆ ಅದು ಶ್ರೀದೇವಿಯದು. ನಮ್ಮ ಲಕ್ಷ್ಮಿಯೇ, ಅಲ್ಲಿ ಭತ್ತದ ತಾಯಿ.

ಆ ಗದ್ದೆಗಳ ನೀರಿನ ವ್ಯವಸ್ಥೆಗೆ ಸುಬಕ್ ಎನ್ನುತ್ತಾರೆ. ಒಂದು ಕಾಲುವೆಯ ನೀರು ಉಣ್ಣುವ ರೈತರೆಲ್ಲ ಸೇರಿ ಒಂದು ಸಂಘ. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಬಿಡುವುದು ಎಂಬುದನ್ನು ನೀರಿನ ಗುಡಿಯಲ್ಲಿ ಕೂತು ತೀರ್ಮಾನಿಸುತ್ತಾರೆ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1970ರ ದಶಕದಲ್ಲಿ ಹೊಸ ತಳಿ, ಹೊಸ ಗೊಬ್ಬರ ಬಂದಾಗ ಸರ್ಕಾರ ಆ ಗುಡಿಯ ಲೆಕ್ಕವನ್ನು ಬದಿಗಿಟ್ಟು, ಎಷ್ಟು ಸಲ ಸಾಧ್ಯವೋ ಅಷ್ಟು ಸಲ ನಾಟಿ ಮಾಡಿ ಎಂದಿತು. ಎಲ್ಲರೂ ತಮತಮಗೆ ತೋಚಿದಾಗ ನೆಟ್ಟರು. ಗದ್ದೆ ಒಟ್ಟಿಗೆ ಖಾಲಿ ಬೀಳುವುದೇ ನಿಂತಿತು, ಹುಳುವಿಗೆ ವರ್ಷವಿಡೀ ಹಬ್ಬ. ಜಿಗಿಹುಳು ಬೆಳೆಯನ್ನೇ ತಿಂದಿತು. ಸ್ಟೀಫನ್ ಲಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಗುಡಿಯ ಲೆಕ್ಕದ ಹಿಂದಿನ ಯುಕ್ತಿಯನ್ನು ಬಿಡಿಸಿ ತೋರಿಸಿದರು. ಆ ಲೆಕ್ಕವೇ ಮತ್ತೆ ನಡೆಯತೊಡಗಿತು.

ನೀನು ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ಹುಡುಗಿ. ಮೇಲಿನವರು ಮೊದಲು ಉಂಡು, ನಮ್ಮ ಗದ್ದೆಗೆ ನೀರು ಬಾರದೆ, ಹೆದ್ದಾರಿ ತಡೆದು ಕೂತ ರೈತರನ್ನು ನೋಡಿದವಳು. ಸೂಳೆಕೆರೆಯನ್ನೂ ಬಲ್ಲೆ. ಎರಡು ಗುಡ್ಡದ ನಡುವೆ ಏರಿ ಹಾಕಿ, ಸಿದ್ದನ ತೂಬು, ಬಸವನ ತೂಬು ಎಂದು ಎರಡು ತೂಬಿಟ್ಟು ನೀರು ಹಂಚಿದ ಕೆರೆ. ಅಲ್ಲಿಂದ ಹೊರಟ ಹರಿದ್ರಾವೇ ನಮ್ಮೂರಿಗೆ ಬಂದು ತುಂಗಭದ್ರೆ ಸೇರುವುದು. ಹೀಗಿರುವಾಗ ಬಾಲಿಯ ಗದ್ದೆಯ ಬದುವಿನ ಮೇಲೆ ನಿಂತು ಕೇಳಲು ನಿನ್ನ ಹತ್ತಿರ ಪ್ರಶ್ನೆಗಳಿವೆ. ಕೊನೆಯ ಗದ್ದೆಯವನಿಗೆ ನೀರು ಹೇಗೆ ತಲುಪುತ್ತದೆ? ತಪ್ಪಿದವನಿಗೆ ದಂಡ ಎಷ್ಟು? ಜಮೀನು ಹೋಟೆಲಿನವರಿಗೆ ಮಾರಿದರೆ ಕಾಲುವೆ ಯಾರು ಹೂಳೆತ್ತುತ್ತಾರೆ? ಇಂಥ ಪ್ರಶ್ನೆ ಕೇಳುವ ಪ್ರವಾಸಿಯನ್ನು ಆ ರೈತ ಬಹುಶಃ ಮನೆಗೇ ಕರೆದಾನು. ಮೊಬೈಲಿನ ಅನುವಾದ ಇದೆಯಲ್ಲ, ಕೇಳಲು ಸಂಕೋಚ ಬೇಡ.

ಗುಡಿಗಳನ್ನು ನೋಡುವ ಬಗ್ಗೆ ನನ್ನ ಕಸುಬಿನಿಂದ ಬಂದ ಒಂದು ಮಾತು. 1941ರಲ್ಲಿ ನಮ್ಮೂರಿಗೆ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದೇ ಲೇತ್ ಯಂತ್ರ. ನಾನು ಅಲ್ಲಿ ಟರ್ನರ್ ಆಗಿದ್ದವನು. ಕಬ್ಬಿಣ ತಿರುಗಿಸಿ ತಿರುಗಿಸಿ ಅಭ್ಯಾಸವಾದ ಮೇಲೆ ಒಂದು ದಿನ ಹರಿಹರೇಶ್ವರನ ಮಂಟಪದ ಕಂಬಗಳನ್ನು ನೋಡಿ ದಂಗಾದೆ. ಚಿಕ್ಕಂದಿನಿಂದ ಅದೇ ಕಂಬಕ್ಕೆ ಒರಗಿ ಕೂತಿದ್ದೆ, ನೋಡಿರಲಿಲ್ಲ. ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ. ಬೆಳಗಿನ ಎಳೆಬಿಸಿಲು ಪಕ್ಕದಿಂದ ಬೀಳುವಾಗ ನೋಡು: ಗಂಟೆಯಂತಿರುವ ಭಾಗದ ಕೆಳಗೆ ಒತ್ತಾಗಿ ಏಣುಗಳು, ಒಂದೊಂದೂ ಚೂರಿಯ ಅಂಚಿನಷ್ಟು ಚೂಪು, ಸುತ್ತಲೂ ಒಂದೇ ಆಳ. ಎಲ್ಲೂ ಉಳಿ ತಡವರಿಸಿಲ್ಲ. ಇಷ್ಟು ತೂಕದ ಕಲ್ಲನ್ನು ಹಿಡಿಸಿದ್ದು ಹೇಗೆ, ತಿರುಗಿಸಿದ್ದು ಯಾರು, ಎತ್ತೋ ಮನುಷ್ಯರೋ ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತಲೇ ಇದ್ದೇನೆ. ಇದನ್ನು ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ, 1224ರ ಸುಮಾರಿಗೆ. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಕಟ್ಟಿಸಿದ. ಮೈಸೂರು ಸೀಮೆಯ ಸೋಮನಾಥಪುರ ಇದೇ ಸೋಮನದು. ಇದೆಲ್ಲ ಅಂಗಳದ ಶಾಸನಗಳಲ್ಲಿದೆ, ಕನ್ನಡದಲ್ಲೇ ಇದೆ.

ಇದನ್ನು ಯಾಕೆ ಹೇಳಿದೆ ಎಂದರೆ, ಒಂದು ಗುಡಿಯಲ್ಲಿ ಒಂದು ವಸ್ತುವನ್ನು ಹಿಡಿ. ಕಂಬವಾದರೆ ಕಂಬ, ಬಾಗಿಲಾದರೆ ಬಾಗಿಲು. ಅದು ಹೇಗೆ ತಯಾರಾಯಿತು ಎಂದು ಅರ್ಧ ತಾಸು ಯೋಚಿಸು. ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಾಲಿಯ ಗುಡಿಯೊಳಗೆ ಹೋದರೆ ಮೊದಲು ನಿನಗೆ ಗಲಿಬಿಲಿಯಾಗುತ್ತದೆ. ಗರ್ಭಗುಡಿ ಹುಡುಕುತ್ತೀಯ, ಸಿಗುವುದಿಲ್ಲ. ಒಂದರ ಹಿಂದೆ ಒಂದು ಅಂಗಳ, ಮೇಲೆ ಆಕಾಶ. ಒಳಗಿನ ಅಂಗಳದಲ್ಲಿ ಹನ್ನೊಂದರವರೆಗೆ ಮಾಡಿನ ಮೇಲೆ ಮಾಡು ಏರಿಸಿದ ಮೇರು ಗೋಪುರಗಳು, ಅದೂ ಬೆಸ ಸಂಖ್ಯೆಯಲ್ಲೇ. ಮೂಲೆಯಲ್ಲಿ ಎತ್ತರದ ಒಂದು ಕಲ್ಲಿನ ಪೀಠ, ಪದ್ಮಾಸನ ಎನ್ನುತ್ತಾರೆ, ಅದರ ಮೇಲೆ ಯಾರೂ ಇಲ್ಲ. ಖಾಲಿ. ಅದೇ ದೇವರ ಜಾಗ. ಪೂಜಾರಿ ತೀರ್ಥ ಕೊಡುತ್ತಾರೆ, ಹಣೆಗೆ ಅಕ್ಕಿಕಾಳು ಅಂಟಿಸುತ್ತಾರೆ. 'ಓಂ ಸ್ವಸ್ತ್ಯಸ್ತು' ಎಂದು ಕೈ ಮುಗಿಯುತ್ತಾರೆ. ಇಷ್ಟು ಕೇಳಿ 'ಇವರು ನಮ್ಮವರೇ' ಎಂದು ಹೆಗಲ ಮೇಲೆ ಕೈಹಾಕಲು ಹೋಗಬೇಡ. ನಮ್ಮ ಕಡೆಯವರಿಗೆ ಈ ಚಟ ಇದೆ. ಅಲ್ಲಿನವರಿಗೆ ಪೂಜೆ ಹೇಗೆ ಮಾಡಬೇಕೆಂದು ಹೇಳಿಕೊಡಲು ಹೊರಟ ಒಬ್ಬ ಮಹಾನುಭಾವರನ್ನು ನಿಮ್ಮ ಮಾವನ ಜೊತೆ ಬಾಲಿಗೆ ಹೋಗಿದ್ದಾಗ ನಾನೇ ನೋಡಿದ್ದೇನೆ. ಸಾವಿರ ವರ್ಷ ಅವರದೇ ದಾರಿಯಲ್ಲಿ ನಡೆದ ಪೂಜೆ ಅದು, ಬೇರೆಯಾಗಿರುವುದನ್ನೇ ಗಮನವಿಟ್ಟು ನೋಡು.

ಸೊಂಟಕ್ಕೆ ಪಂಚೆಯಂಥ ಬಟ್ಟೆ, ಮೇಲೊಂದು ನಡುಪಟ್ಟಿ ಕಟ್ಟಿಕೊಳ್ಳದೆ ಗುಡಿಯೊಳಗೆ ಬಿಡುವುದಿಲ್ಲ. ಬಾಡಿಗೆಗೆ ಸಿಗುತ್ತದೆ. ಮುಟ್ಟಿನ ದಿನಗಳಲ್ಲಿ ಒಳಗೆ ಬರಬೇಡಿ ಎಂಬ ಬೋರ್ಡು ಇಂಗ್ಲಿಷಿನಲ್ಲೇ ಹಾಕಿರುತ್ತಾರೆ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ನಿಮ್ಮಜ್ಜಿಯ ಜೊತೆ ನೀನು ಮಾಡಿದ ಜಗಳ ನಾನು ಮರೆತಿಲ್ಲ, ಆ ಜಗಳದಲ್ಲಿ ನಾನು ನಿನ್ನ ಕಡೆಗೇ ಇದ್ದೆ. ಆದರೆ ಅದು ನಮ್ಮ ಮನೆಯ ಜಗಳ, ಮಾಡಲು ನಿನಗೆ ಹಕ್ಕಿತ್ತು. ಅಲ್ಲಿನ ಜಗಳ ಅಲ್ಲಿನ ಹೆಣ್ಣುಮಕ್ಕಳದು. ಅಂಥ ದಿನ ಬಂದರೆ ಬೆಟ್ಟಕ್ಕೋ ಗದ್ದೆಗೋ ಹೋಗು, ಗುಡಿಯನ್ನು ಇನ್ನೊಂದು ದಿನಕ್ಕಿಡು. ಬೀದಿಯಲ್ಲಿ, ಅಂಗಡಿಯ ಹೊಸ್ತಿಲಲ್ಲಿ, ಬೆಟ್ಟದ ದಾರಿಯಲ್ಲೂ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದಿನಕಡ್ಡಿ ಇಟ್ಟಿರುತ್ತಾರೆ. ಚನಂಗ್ ಸಾರಿ ಎಂದು ಹೆಸರು. ದಾಟಬೇಡ, ಸುತ್ತಿ ಹೋಗು.

ನೋಡಲೇಬೇಕಾದ ಜಾಗ ಒಂದೇ ಹೇಳು ಎಂದರೆ ಗುನುಂಗ್ ಕಾವಿ ಎನ್ನುತ್ತೇನೆ. ನಿನ್ನ ಪಟ್ಟಿಯಲ್ಲಿ ಅದಿಲ್ಲ. ತಂಪಕ್‌ಸಿರಿಂಗ್ ಎಂಬ ಊರಿನಲ್ಲಿ, ಗದ್ದೆಗಳ ನಡುವೆ ಕಡಿದಾದ ಮೆಟ್ಟಿಲಿಳಿದು ಪಕೆರಿಸಾನ್ ಹೊಳೆಯ ದಂಡೆಗೆ ಬರಬೇಕು. ಅಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಹತ್ತು ಗುಡಿಯಾಕಾರಗಳು, ಒಂದೊಂದೂ ಎರಡಾಳಿಗಿಂತ ಎಷ್ಟೋ ಎತ್ತರ. ಹನ್ನೊಂದನೆಯ ಶತಮಾನದವು, ಉದಯನ ಎಂಬ ರಾಜನ ಮನೆತನದ ನೆನಪಿಗೆ ಎನ್ನುತ್ತಾರೆ. ಆಗ ನಮ್ಮ ಈ ಕಡೆ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದರು. ಬೆಟ್ಟದ ನಡಿಗೆ, ಗದ್ದೆ, ಹೊಳೆ, ಕಲ್ಲು ನಾಲ್ಕೂ ಒಂದೇ ಕಡೆ ಸಿಗುವುದರಿಂದ ಅರ್ಧ ದಿನ ಇಡು. ಹತ್ತಿರದಲ್ಲೇ ತೀರ್ಥ ಎಂಪುಲ್ ಎಂಬ ಬುಗ್ಗೆ. ಅಲ್ಲಿ ಜನ ಸಾಲಾಗಿ ನಿಂತು ಒಂದೊಂದು ಧಾರೆಗೂ ತಲೆಯೊಡ್ಡುತ್ತಾರೆ. ಕೆಲವು ಧಾರೆಗಳು ತೀರಿಕೊಂಡವರ ಕರ್ಮಕ್ಕೆ ಮೀಸಲು, ಅವನ್ನು ಬಿಟ್ಟು ಮುಂದೆ ಹೋಗಬೇಕು. ನೀರಿಗಿಳಿಯುವುದಾದರೆ ಮುಂದಿರುವವರನ್ನು ನೋಡಿ ಅವರು ಮಾಡಿದಂತೆ ಮಾಡು.

ಇನ್ನೊಂದು ಮಾತು ನೀನು ನಂಬುವುದಿಲ್ಲ. ನಮ್ಮೂರ ದೇವರು ಆ ಕಡೆಯ ದ್ವೀಪಗಳಲ್ಲಿಯೂ ಇದ್ದಾನೆ. ಬಾಲಿಯ ಪಕ್ಕದ ಜಾವಾದಲ್ಲಿ ಮಜಾಪಹಿತ್ ಎಂಬ ದೊಡ್ಡ ರಾಜ್ಯ ಕಟ್ಟಿದವನು ರಾದೆನ್ ವಿಜಯ. ಅವನು 1309ರಲ್ಲಿ ತೀರಿಕೊಂಡ ಮೇಲೆ ಸಿಂಪಿಂಗ್ ಎಂಬಲ್ಲಿ ಅವನ ನೆನಪಿಗೆ ನಿಲ್ಲಿಸಿದ ಮೂರ್ತಿ ಯಾವುದು ಗೊತ್ತೇ? ಹರಿಹರ. ಅರ್ಧ ಶಿವ, ಅರ್ಧ ವಿಷ್ಣು. ಪೊಲಾಳ್ವ ಇಲ್ಲಿ ಗುಡಿ ಕಟ್ಟಿಸಿ ನೂರು ವರ್ಷ ಕೂಡ ಆಗಿರಲಿಲ್ಲ. ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಜಂಬ ಕೊಚ್ಚಿಕೊಳ್ಳುವವರ ಮಾತನ್ನೂ ನಂಬಬೇಡ. ಈ ರೂಪ ಕಾಂಬೋಡಿಯಾದಲ್ಲಿ ಅದಕ್ಕೂ ಎಷ್ಟೋ ಮೊದಲೇ ಇತ್ತು. ನಮ್ಮಲ್ಲಿ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರು ಎಂಬ ಕಥೆ. ಅಲ್ಲಿ ಸತ್ತ ರಾಜನಿಗೆ ಆ ರೂಪ ಕೊಟ್ಟರು. ಆ ಮೂರ್ತಿ ಈಗ ಜಕಾರ್ತದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಬರುವಾಗ ಜಕಾರ್ತದಲ್ಲಿ ವಿಮಾನ ಬದಲಿಸುವಂತಾದರೆ, ಕೈಯಲ್ಲಿ ಒಂದು ದಿನವಿದ್ದರೆ ಹೋಗಿ ನೋಡು. ಚಿಕ್ಕವಳಿದ್ದಾಗ ಬಂದವರಿಗೆಲ್ಲ ನೀನೇ ವಿವರಿಸುತ್ತಿದ್ದೆಯಲ್ಲ, "ಬಲಗಡೆ ಶಿವ, ಎಡಗಡೆ ವಿಷ್ಣು. ನಿಮ್ಮ ಬಲಗಡೆ ಅಲ್ಲ, ದೇವರ ಬಲಗಡೆ" ಅಂತ. ಅಲ್ಲಿಯೂ ಹಾಗೇ ಇದೆಯೇ ಎಂದು ಬಂದು ಹೇಳು.

ನೀರಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಮ್ಮ ಹೊಳೆಯಲ್ಲಿ ಮೇಲ್ಗಡೆ ಮೊಳಕಾಲುದ್ದ ನೀರು, ಎರಡು ಹೆಜ್ಜೆ ಮುಂದೆ ಮರಳು ತೆಗೆದ ಗುಂಡಿ. ಊರವರಿಗೆ ಗೊತ್ತು, ಬೇಸಿಗೆಯಲ್ಲಿ ಈಜಲು ಬಂದ ಹೊರಗಿನ ಹುಡುಗರಿಗೆ ಗೊತ್ತಿರುವುದಿಲ್ಲ. ಬಾಲಿಯಲ್ಲಿ ನೀನು ಆ ಹೊರಗಿನವಳು. ಕೆಂಪು ಬಾವುಟ ಹಾರುತ್ತಿದ್ದರೆ ಸಮುದ್ರಕ್ಕಿಳಿಯಬೇಡ. ನುಸಾ ಪೆನಿಡಾ ದ್ವೀಪದಲ್ಲಿ ಬಂಡೆಗಳ ನಡುವಿನ ಕೊಳಗಳ ಫೋಟೋ ಕಳಿಸಿದ್ದೆಯಲ್ಲ, ಅಲ್ಲಿ ಒಂದೇ ಒಂದು ದೊಡ್ಡ ಅಲೆ ನಿಂತವರನ್ನು ಎಳೆದುಕೊಂಡು ಹೋಗುತ್ತದೆ. ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೊಡದಿದ್ದರೆ, ಜನ ಹೆಚ್ಚಾಗಿದ್ದರೆ, ದುಡ್ಡು ಹೋದರೂ ಹೋಗಲಿ, ಇಳಿದುಬಿಡು. ಕಾರವಾರದ ಹತ್ತಿರ ಕೂರ್ಮಗಡ ಎಂಬ ನಡುಗಡ್ಡೆ ಇದೆ, ನರಸಿಂಹನ ಗುಡಿ, ವರ್ಷಕ್ಕೊಮ್ಮೆ ಜಾತ್ರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ಸತ್ತರು. ನಮ್ಮ ಹೊಳೆಯಾಚೆಯ ಹಾವೇರಿ ಜಿಲ್ಲೆಯವರೂ ಅದರಲ್ಲಿದ್ದರು. ದೇವರು ನೋಡಿ ಬಂದವರು, ದಡ ಕಣ್ಣೆದುರಿಗೇ ಇತ್ತು. ನಿಮ್ಮಮ್ಮನಿಗೆ ದ್ವೀಪ ಎಂದರೆ ನೆನಪಾಗುವುದು ಅದೇ. ಅವಳ ಹೆದರಿಕೆಯನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕಬೇಡ, ದಿನಾ ಸಂಜೆ ಒಂದು ಫೋನ್ ಮಾಡು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾದೊ ಗಾದೊ ಎಂದು ಬೇಯಿಸಿದ ತರಕಾರಿಗೆ ಶೇಂಗಾ ಗೊಜ್ಜು ಹಾಕಿ ಕೊಡುತ್ತಾರೆ, ದಾವಣಗೆರೆಯ ನಾಲಿಗೆಗೆ ಒಗ್ಗುತ್ತದೆ. ಕೆಂಪು ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ಬೇಡವಾದರೆ ಮೊದಲೇ ಕೇಳು. ಚಟ್ನಿಪುಡಿ, ಖಡಕ್ ರೊಟ್ಟಿ ಒಯ್ಯಿ. ಬಾಡಿಗೆ ಸ್ಕೂಟರ್ ಬೇಡ, ಇಲ್ಲಿ ಪಿ.ಬಿ. ರಸ್ತೆಯಲ್ಲಿ ಓಡಿಸುವವಳು ನಾನು ಅನ್ನಬೇಡ, ಲೈಸೆನ್ಸ್ ಕೇಳಿದರೆ ಸಿಕ್ಕಿಬೀಳುತ್ತೀಯ.

ಹೋಗುವ ದಿನ ಗೊತ್ತು ಮಾಡುವ ಮುಂಚೆ ಪಂಚಾಂಗ ನೋಡು. ತಮಾಷೆಗಲ್ಲ. ಬಾಲಿಯವರಿಗೂ ಶಕವರ್ಷವೇ. ಅವರ ಹೊಸ ವರ್ಷಕ್ಕೆ ನ್ಯೆಪಿ ಎಂದು ಹೆಸರು, ಹೆಚ್ಚಾಗಿ ನಮ್ಮ ಯುಗಾದಿಯ ಆಸುಪಾಸಿಗೇ ಬರುತ್ತದೆ. 2023ರಲ್ಲಿ ಎರಡೂ ಒಂದೇ ದಿನ, ಮಾರ್ಚ್ 22, ಶಕ 1945. ನಾವು ಎಣ್ಣೆ ನೀರು ಹಾಕಿಕೊಂಡು ಒಬ್ಬಟ್ಟು ಮಾಡಿ ಸಂಭ್ರಮಿಸುವ ಹೊತ್ತಿಗೆ ಅಲ್ಲಿ ಇಡೀ ದ್ವೀಪ ಮೌನ. ದೀಪ ಹಚ್ಚುವುದಿಲ್ಲ, ಹೊರಗೆ ಕಾಲಿಡುವುದಿಲ್ಲ, ಒಲೆ ಉರಿಸುವುದಿಲ್ಲ. ವಿಮಾನ ನಿಲ್ದಾಣವನ್ನು ಒಂದು ಹಗಲು ಒಂದು ರಾತ್ರಿ ಮುಚ್ಚುತ್ತಾರೆ. ಪ್ರವಾಸಿಗಳೂ ಹೋಟೆಲಿನಿಂದ ಹೊರಗೆ ಬರುವಂತಿಲ್ಲ. ಹಿಂದಿನ ರಾತ್ರಿ ಮಾತ್ರ ದೊಡ್ಡ ದೊಡ್ಡ ಭೂತದ ಬೊಂಬೆಗಳನ್ನು ಹೊತ್ತು ಊರೆಲ್ಲ ಗದ್ದಲ. ನೀನು ಆ ದಿನಗಳಿಗೇ ಹೋಗುವುದಾದರೆ ನಾನು ಖುಷಿಪಡುತ್ತೇನೆ. ನಿನ್ನ ಗೆಳತಿಯರು ಒಂದು ದಿನ ಮೊಬೈಲ್ ಕೆಳಗಿಟ್ಟು ಸುಮ್ಮನಿರಬಲ್ಲರೇ, ಅದನ್ನು ನೀನೇ ವಿಚಾರಿಸು. ಮಳೆಗಾಲ ಅಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ, ನಮ್ಮದಕ್ಕೆ ಉಲ್ಟಾ. ಬೆಟ್ಟಕ್ಕೆ ಮೇ, ಜೂನ್ ಒಳ್ಳೆಯದು. ನ್ಯೆಪಿಯೂ ಬೆಟ್ಟದ ಹವೆಯೂ ಒಟ್ಟಿಗೆ ಸಿಗುವುದಿಲ್ಲ, ಯಾವುದು ಬೇಕೋ ಆರಿಸಿಕೊಳ್ಳಿ.

ಕೊನೆಗೆ ಕಾಲಿನ ಮಾತು. ಹೊಸ ಬೂಟು ತಂದಿದ್ದೀಯ, ಇನ್ನೂ ಡಬ್ಬಿಯಲ್ಲೇ ಇದೆ ಎಂದು ನಿಮ್ಮಮ್ಮ ಹೇಳಿದಳು. ಹೊಸ ಬೂಟಿನಲ್ಲಿ ನೇರವಾಗಿ ಬತೂರ್ ಹತ್ತಿದರೆ ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಮುಂಚೆಯೇ ಹಾಕಿ ಪಳಗಿಸು. ಮೊದಲ ವಾರ ಕೊಂಡಜ್ಜಿ, ಕೆರೆಯ ದಂಡೆಯಿಂದ ಗುಡ್ಡಕ್ಕೆ ಹತ್ತಿ ಇಳಿ. ಆಮೇಲೆ ಉಚ್ಚಂಗಿದುರ್ಗ. ಅದು ಈಗ ವಿಜಯನಗರ ಜಿಲ್ಲೆಗೆ ಸೇರಿಹೋಗಿದೆ, ಆದರೆ ನಮಗೆ ದಾವಣಗೆರೆಯಿಂದಲೇ ಹತ್ತಿರ. ಪಾಂಡ್ಯರು ಕೂತು ನೊಳಂಬವಾಡಿ ಆಳಿದ ದುರ್ಗ, ಹೊಯ್ಸಳ ವೀರಬಲ್ಲಾಳನಿಗೂ ಸುಲಭಕ್ಕೆ ದಕ್ಕಲಿಲ್ಲ. ಬೆನ್ನಿಗೆ ಬ್ಯಾಗು ಹಾಕಿಕೋ, ಎರಡು ಲೀಟರ್ ನೀರು ತುಂಬಿಸು, ಮೆಟ್ಟಿಲಿನಲ್ಲಿ ಮಾತಾಡುತ್ತಾ ಹತ್ತಲು ಆಗುತ್ತದೆಯೇ ನೋಡು. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಎಂದರ್ಥ. ಹತ್ತುವವರು ಹರಕೆಯವರಾದರೆ ದಾರಿ ಬಿಡು.

ಉಚ್ಚಂಗಿದುರ್ಗಕ್ಕೆ ಹೊರಡುವ ಭಾನುವಾರ ಬೆಳಿಗ್ಗೆ ಆರಕ್ಕೆ ದಾವಣಗೆರೆ ಬಸ್ ನಿಲ್ದಾಣಕ್ಕೆ ಬಾ, ಗೆಳತಿಯರನ್ನೂ ಕರೆದುಕೊಂಡು ಬಾ. ನಾನೂ ಬರುತ್ತೇನೆ. ಅಲ್ಲಿನ ಹಾಲಮ್ಮನ ತೋಪಿನವರೆಗೆ ನಿಮ್ಮ ಜೊತೆ, ಮುಂದಕ್ಕೆ ನನ್ನ ಮೊಳಕಾಲು ಹೇಳಿದಂತೆ. ಇಳಿದು ಬಂದ ಮೇಲೆ ಬೆಣ್ಣೆ ದೋಸೆ ನನ್ನ ಲೆಕ್ಕ. ಸರ್ಕಾರಿ ಬಸ್ಸಾದ್ದರಿಂದ ನಿಮ್ಮ ನಾಲ್ವರ ಟಿಕೆಟ್ ಹೇಗೂ ಪುಕ್ಕಟೆ, ಆಧಾರ್ ಕಾರ್ಡ್ ಮರೆಯಬೇಡಿ. ನನ್ನೊಬ್ಬನದು ನೀನು ತೆಗೆಸು.